ಅತ್ತೆ ಬಿಟ್ಟುಹೋದ ಕಂಬಗಳ್ಳಿ

ಅದು ಕಳ್ಳಿಯೋ, ಕಳ್ಳಿಯ ವೇಷ ಹಾಕಿದ ಇನ್ನೇನೋ? ಅಕ್ಟೋಬರ್ ಹನ್ನೆರಡನೇ ತಾರೀಖಿನಿಂದ ನನ್ನ ತಲೆಯನ್ನು ಈ ಒಂದೇ ಪ್ರಶ್ನೆ ಕೊರೆಯುತ್ತಿತ್ತು. ಹಲ್ಲು ಬರುತ್ತಿರುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ತಟ್ಟುವಾಗಲೂ ಅದೇ, ಬಾಟಲಿ ತೊಳೆಯುವಾಗಲೂ ಅದೇ. ಗಂಡ "ಏನು ಯೋಚನೆ?" ಎಂದು ಕೇಳಿದರೆ ಬೇರೆ ಹೆಂಡತಿಯರು ಸಂಸಾರ, ಭವಿಷ್ಯ ಎಂದೇನಾದರೂ ಹೇಳುತ್ತಾರೆ. ನಾನು "ಅದರ ಮೈಯೊಳಗಿರೋದು ಹಾಲೋ, ನೀರೋ?" ಎನ್ನುತ್ತಿದ್ದೆ.

ತಪ್ಪು ನನ್ನದೇ. ಅಂದು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಈ ಪುರಾಣವೇ ಇರುತ್ತಿರಲಿಲ್ಲ.

ಅಮೆರಿಕದ ಉತ್ತರದಂಚಿನ ನಮ್ಮ ಡುಲೂತಿನ ಅರ್ಧ ಹಿರಿಯರು ಅಕ್ಟೋಬರ್ ಬಂತೆಂದರೆ ಚಳಿಗೆ ಹೆದರಿ ಬಾತುಕೋಳಿಗಳ ಜೊತೆ ದಕ್ಷಿಣಕ್ಕೆ ಹಾರಿಬಿಡುತ್ತಾರೆ. ನನ್ನ ಅತ್ತೆ ಆರ್ಡಿಸ್ ಹಾರುವುದು ಅರಿಜೋನಾದ ಮರುಭೂಮಿಗೆ. ಅಂದು ಅವರ ಗಾಡಿ ನಮ್ಮ ಮನೆಯ ಮುಂದೆ ಗುರುಗುಡುತ್ತಾ ನಿಂತಿತ್ತು. ನನ್ನ ಗಂಡ ನೀಲೊ, ದಪ್ಪ ಕೈಗವಸು ತೊಟ್ಟು, ಹೆಣ ಇಳಿಸುವವನ ಎಚ್ಚರಿಕೆಯಿಂದ ಅದನ್ನು ಇಳಿಸಿದ. ಕುಂಡ ಬಿಟ್ಟು ನಾಲ್ಕೂವರೆ ಅಡಿ! ಕೈಯಿಲ್ಲ, ಕಾಲಿಲ್ಲ, ಕೊಂಬೆಯಿಲ್ಲ. ನೆಟ್ಟಗೆ ಒಂದು ಹಸಿರು ಕಂಬ, ಮೈತುಂಬ ಮುಳ್ಳು. ತಮ್ಮ ಮದುವೆಯ ಹೊಸತರಲ್ಲಿ ನನ್ನ ಮಾವ ಎಲ್ಲಿಂದಲೋ ಹೆಬ್ಬೆರಳುದ್ದದ ತುಂಡು ತಂದು ಅತ್ತೆಗೆ ಕೊಟ್ಟರಂತೆ. ಏನು ಜಾತಿ ಎಂದು ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಮಾವ ಈಗಿಲ್ಲ. ಕಂಬ ಇದೆ.

ಕಳ್ಳಿ ಬೆಳೆಯುವ ಊರಿಗೆ ಅತ್ತೆ, ಅತ್ತೆ ಇರಬೇಕಾದ ಊರಿನಲ್ಲಿ ಕಳ್ಳಿ! ಇದು ಯಾವ ನ್ಯಾಯ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಏಕೆಂದರೆ ಒಳಗೊಳಗೇ ನಾನು ಉಬ್ಬಿಹೋಗಿದ್ದೆ. ಈ ಮನೆಗೆ ಸೊಸೆಯಾಗಿ ಬಂದು ನಾಲ್ಕು ವರ್ಷ. ಕುಟುಂಬದ ಊಟ ಎಂದರೆ ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವುದು ಪದ್ಧತಿ. ನನಗೆ ಮಾತ್ರ ಅತ್ತೆ ಪ್ರತಿ ಸಲ, "ನೀನು ಪೇಪರ್ ತಟ್ಟೆ ತಂದುಬಿಡು ಬ್ರಿಟಾ, ಸಾಕು" ಎನ್ನುತ್ತಿದ್ದರು. ನಾಲ್ಕು ವರ್ಷ ಪೇಪರ್ ತಟ್ಟೆ ಹೊತ್ತವಳ ಕೈಗೆ ಇದ್ದಕ್ಕಿದ್ದಂತೆ ಮನೆತನದ ಕಂಬವನ್ನೇ ಕೊಟ್ಟರೆ! ಬಡ್ತಿ ಅಲ್ಲದೆ ಇನ್ನೇನು ಇದು?

"ಇದಕ್ಕೆ ನೀನೇನೂ ಮಾಡೋದು ಬೇಡ" ಎಂದರು ಅತ್ತೆ. "ಒಂದು ಮೂಲೇಲಿ ಸುಮ್ಮನೆ ಬಿಟ್ಟುಬಿಡು."

"ಏನೂ ಬೇಡ್ವಾ ಆರ್ಡಿಸ್?"

"ಏನೂ ಬೇಡ."

"ನೀರು?"

"ಬೇಡ ಬೇಡ."

ಇಲ್ಲಿ ನಮ್ಮ ಊರಿನ ವ್ಯಾಕರಣ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಬೇಡ ಎಂದರೆ ಬೇಕು ಎಂದರ್ಥ. ಕಾಫಿಗೆ ಎರಡು ಸಲ ಬೇಡ ಅಂದು, ಮೂರನೇ ಸಲಕ್ಕೆ "ಹಾಗಿದ್ರೆ ಅರ್ಧ ಕಪ್ಪು" ಎನ್ನದವರನ್ನು ನಾವು ಒರಟರು ಎನ್ನುತ್ತೇವೆ. ನನ್ನ ಹೆರಿಗೆಯಲ್ಲಿ "ನೀವು ಬರೋದೇನೂ ಬೇಡ" ಎಂದು ನಾನು ಹೇಳಿದ ಮಾರನೇ ದಿನವೇ ಅತ್ತೆ ಪೆಟ್ಟಿಗೆ ಸಮೇತ ಬಂದಿಳಿದಿದ್ದರು. ಬಾರದಿದ್ದರೆ ಏನು ಗತಿ ಎಂದು ನಾನೂ ಕಿಟಕಿಯಲ್ಲೇ ನಿಂತಿದ್ದೆ. ಹೀಗಿರುವಾಗ, ಒಂದೇ ಉಸಿರಿನಲ್ಲಿ ಇಷ್ಟು ಸಲ ಬೇಡ ಎಂದರೆ? ಪ್ರಾಣದಂತೆ ಕಾಪಾಡು ಎಂದೇ ಅಲ್ಲವೇ!

"ನೀವು ನಿಶ್ಚಿಂತೆಯಿಂದ ಹೋಗಿ ಬನ್ನಿ!" ಎಂದೆ, ಎದೆಯ ಮೇಲೆ ಕೈಯಿಟ್ಟು. "ಏಪ್ರಿಲಿನಲ್ಲಿ ಇದು ಹೂ ಬಿಟ್ಟುಕೊಂಡು ನಿಮ್ಮನ್ನ ಎದುರುಗೊಳ್ಳುತ್ತೆ!"

"ಓ... ಹೂವಾ? ಇಷ್ಟು ವರ್ಷದಲ್ಲಿ ಒಂದೂ ಬಿಟ್ಟಿಲ್ಲ ಅದು."

"ನಮ್ಮನೇಲಿ ಬಿಡುತ್ತೆ!"

ನೀಲೊ ಕೆಮ್ಮಿದ. ನೀಲೊನ ಕಡೆಯವರು ಫಿನ್‌ಲ್ಯಾಂಡ್ ಮೂಲದ ಫಿನ್ನರು, ಮಾತು ಕಮ್ಮಿ. ಅವರಲ್ಲಿ ಕೆಮ್ಮು ಒಂದು ದೀರ್ಘ ಭಾಷಣಕ್ಕೆ ಸಮ.

*

ನಾನು ದೊಡ್ಡ ಪಟ್ಟಣ ಮಿನಿಯಾಪೊಲಿಸ್ಸಿನಲ್ಲಿ ಓದಿ ಬೆಳೆದವಳು. ಯಾವ ಕಷ್ಟವನ್ನೂ ಓದಿಯೇ ಪರಿಹರಿಸಬಹುದೆಂಬ ನಂಬಿಕೆಯವಳು. ಆ ಸಂಜೆಯೇ ಕಂಬದ ಫೋಟೊ ತೆಗೆದು ಗಿಡ ಗುರುತಿಸುವ ಆ್ಯಪಿಗೆ ತೋರಿಸಿದೆ. "ಪೆರು ದೇಶದ ಕಂಬಗಳ್ಳಿ" ಎಂದಿತು. ಇರಲಿ ಎಂದು ಇನ್ನೊಂದು ಮಗ್ಗುಲಿನಿಂದ ತೆಗೆದೆ. "ಆಫ್ರಿಕಾದ ಹಾಲುಗಳ್ಳಿ. ಎಚ್ಚರಿಕೆ, ವಿಷ!" ಎಂದಿತು. ಗಡಿಬಿಡಿಯಲ್ಲಿ ಮೂರನೆಯದು ಮಸುಕಾಯಿತು. "ಸೌತೆಕಾಯಿ" ಎಂದಿತು.

ಸೌತೆಕಾಯಿಯನ್ನು ಧೈರ್ಯವಾಗಿ ತಳ್ಳಿಹಾಕಿದೆ. ಉಳಿದೆರಡರ ಬಗ್ಗೆ ಓದಿದಷ್ಟೂ ದಿಗಿಲು ಹೆಚ್ಚಿತು. ಪೆರುವಿನದು, ಅಂದರೆ ನಿಜವಾದ ಪಾಪಾಸುಕಳ್ಳಿಯ ಜಾತಿಯಾದರೆ, ಚಳಿಗಾಲ ಪೂರ್ತಿ ತಣ್ಣಗಿನ ಜಾಗದಲ್ಲಿ ನೀರಿಲ್ಲದೆ ನಿದ್ದೆ ಮಾಡಬೇಕು. ಬೆಚ್ಚಗಿಟ್ಟು ನೀರೆರೆದರೆ ಕೊಳೆಯುತ್ತದೆ. ಹಾಲುಗಳ್ಳಿಯಾದರೆ ಬೆಚ್ಚಗೇ ಇರಬೇಕು, ತಣ್ಣಗಿಟ್ಟರೆ ಸಾಯುತ್ತದೆ. ಮೈಗೆ ಗಾಯವಾದರೆ ಬಿಳಿ ಹಾಲು ಸುರಿಸುತ್ತದೆ, ಆ ಹಾಲು ಕಣ್ಣಿಗೆ ಬಿದ್ದರೆ... ಮುಂದೆ ಓದಲಿಲ್ಲ. ನನ್ನ ಮಗಳು ಹೆಟ್ಟಿಗೆ ಹದಿನಾಲ್ಕು ತಿಂಗಳು. ಸಿಕ್ಕಿದ್ದನ್ನೆಲ್ಲ ತಬ್ಬಿ ಎದ್ದು ನಿಲ್ಲುವ ವಯಸ್ಸು.

"ನೀಲೊ! ಒಂದನ್ನ ಉಳಿಸೋ ಉಪಾಯವೇ ಇನ್ನೊಂದನ್ನ ಕೊಲ್ಲೋ ಉಪಾಯವಂತೆ!"

"ಅಮ್ಮ ಏನೂ ಮಾಡಬೇಡ ಅಂದ್ಲಲ್ಲ."

"ನಿಮ್ಮಮ್ಮ ಯಾವತ್ತು ಬೇಕು ಅಂದಿದ್ದಾರೆ ಹೇಳು?"

ನೀಲೊ ಯೋಚಿಸಿದ. "ಅದೂ ನಿಜವೇ" ಎಂದ.

ಮೊದಲು ಅದನ್ನು ಹಾಲಿನಲ್ಲಿಟ್ಟೆವು. ಹಾಲಿನಲ್ಲಿ ಹಾಲುಗಳ್ಳಿ ಇದ್ದರೆ ಮಗುವಿನ ಗತಿ? ಮೆಟ್ಟಿಲಿಗೆ ಹಾಕುವ ಮಗುವಿನ ಬೇಲಿಯನ್ನು ಬಿಚ್ಚಿ ತಂದು ಕಂಬದ ಸುತ್ತ ಕಟ್ಟಿದೆ. ಅಂದರೆ ಕಳ್ಳಿ ಬಂದೀಖಾನೆಯಲ್ಲಿ, ಮಗು ಮೆಟ್ಟಿಲ ಮೇಲೆ! ನೆಟ್ಟಗೆ ನಿಲ್ಲಲು ಬಾರದ ಹೆಟ್ಟಿ ಆ ಬೇಲಿ ಹಿಡಿದು ನಿಂತು, ಒಳಗಿನ ಕೈದಿಗೆ ದಿನಕ್ಕೆ ಹದಿನಾರು ಸಲ "ಬಾ! ಬಾ!" ಎಂದು ಕರೆಯುತ್ತಿದ್ದಳು.

ಅಲ್ಲಿಂದ ನೆಲಮಾಳಿಗೆಗೆ ಸಾಗಿಸಿದೆವು, ಮನೆ ಕಾಯಿಸುವ ಕುಲುಮೆಯ ಪಕ್ಕಕ್ಕೆ. ವಾರಕ್ಕೆ ಎರಡು ಸಲ ಚಮಚದಲ್ಲಿ ನೀರು ಕುಡಿಸಿದೆ. ಮೂರು ವಾರದಲ್ಲಿ ಕಂಬದ ತುದಿಯಿಂದ ತೆಳ್ಳಗೆ, ಬೆಳ್ಳಗೆ, ಮೇಣದಬತ್ತಿಯಂಥ ಒಂದು ಕುತ್ತಿಗೆ ಎದ್ದಿತು.

"ಬೆಳೀತಿದೆ, ಒಳ್ಳೇದಲ್ವಾ?" ಎಂದ ನೀಲೊ.

"ಒಳ್ಳೇದಲ್ಲ! ಕತ್ತಲಲ್ಲಿ ಶಾಖ ಕೊಟ್ಟರೆ ಹೀಗೆ ಸೊರಗಿ ಉದ್ದ ಆಗುತ್ತಂತೆ. ತಣ್ಣಗೆ ಇಡಬೇಕಿತ್ತು!"

"ಹಾಗಾದ್ರೆ ಅದು ಪಾಪಾಸುಕಳ್ಳಿ."

"ಹಾಲುಗಳ್ಳೀನೂ ಹೀಗೇ ಆಗುತ್ತಂತೆ!"

ನೀಲೊ ಎದ್ದು ಹೋಗಿ ಹಿಮ ಬಾಚತೊಡಗಿದ. ಅಂದು ಹಿಮ ಬಿದ್ದಿರಲಿಲ್ಲ.

ಪ್ರತಿ ಭಾನುವಾರ ಚರ್ಚು ಮುಗಿಸಿ ಅತ್ತೆ ಫೋನು ಮಾಡುತ್ತಿದ್ದರು. ಹವೆ ಹೇಗಿದೆ, ಹೆಟ್ಟಿಗೆ ಎಷ್ಟು ಹಲ್ಲು ಬಂತು, ಕೊನೆಗೆ "ಮತ್ತೆ... ಎಲ್ಲ ಚೆನ್ನಾಗಿದೆ ತಾನೆ?" ಕಂಬದ ಹೆಸರನ್ನು ಅವರು ಎತ್ತುತ್ತಲೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನಂತೂ ಎರಡೂ ಹೆಗಲು ಮುಟ್ಟಿಕೊಂಡು "ಎಲ್ಲ ಚೆನ್ನಾಗಿದೆ ಆರ್ಡಿಸ್!" ಎನ್ನುತ್ತಿದ್ದೆ. ಮನೆಯಲ್ಲಿ ಆಗ ಇಬ್ಬರು ಕಳ್ಳಿಯರಿದ್ದೆವು. ಒಬ್ಬಳು ಕುಂಡದಲ್ಲಿ, ಒಬ್ಬಳು ಫೋನಿನಲ್ಲಿ.

*

ಡಿಸೆಂಬರಿನಲ್ಲಿ ಅದನ್ನು ಮುಂದಿನ ಗಾಜಿನ ಜಗಲಿಗೆ ತಂದೆವು. ತಣ್ಣಗಿನ ಜಾಗ ಎಂದರೆ ಅದೇ. ಸರೋವರದ ಕಡೆಯಿಂದ ಬೀಸುವ ಗಾಳಿಗೆ ಜಗಲಿಯ ಗಾಜೆಲ್ಲ ಒಳಗಿನಿಂದಲೇ ಹಿಮಗಟ್ಟುತ್ತದೆ. ಇದು ಅತಿಯಾಯಿತೇನೋ ಎಂದು ಮತ್ತೆ ನನಗೆ ದಿಗಿಲು. ಹೆಟ್ಟಿಯ ಎರಡು ಕಂಬಳಿ ಸುತ್ತಿದೆ. ಸಾಲದು ಅನಿಸಿತು; ನೀಲೊನ ಹಳೇ ಕೋಟು ತೊಡಿಸಿ ಗುಂಡಿ ಹಾಕಿದೆ. ಆ ಬಡಪಾಯಿ ಕುತ್ತಿಗೆಗೆ ಒಂದು ಕೆಂಪು ಉಣ್ಣೆ ಟೊಪ್ಪಿಗೆ.

ನಾಲ್ಕನೇ ದಿನ ಬಾಗಿಲು ತಟ್ಟಿದ ಸದ್ದು. ಪಕ್ಕದ ಮನೆಯ ವರ್ನ್. ಎಪ್ಪತ್ತೆಂಟು ವರ್ಷದ ಒಂಟಿ ಜೀವ, ಹಿಂದೆ ಅದಿರಿನ ಹಡಗಿನಲ್ಲಿ ಕೆಲಸ ಮಾಡಿದವರು. ಕೈಯಲ್ಲಿ ಕಷ್ಟದಲ್ಲಿದ್ದವರ ಮನೆಗೆ ನಮ್ಮೂರಿನವರು ಒಯ್ಯುವ ಊಟ, ಬಿಸಿ ಬಿಸಿ ಹಾಟ್‌ಡಿಶ್, ಮೇಲೆ ಸಾಲಾಗಿ ಜೋಡಿಸಿದ ಆಲೂಗಡ್ಡೆ ಉಂಡೆಗಳು.

"ಅಲ್ಲ, ನಾನು ಕೇಳಬಾರದು" ಎಂದರು ಹಿಮದಲ್ಲೇ ನಿಂತು. "ನನಗ್ಯಾಕೆ ಬೇಕು ಪಕ್ಕದ ಮನೆ ವಿಚಾರ. ಆದ್ರೆ ನಿಮ್ಮ ಅತಿಥಿ ನಾಲ್ಕು ದಿನದಿಂದ ಜಗಲೀಲೇ ನಿಂತಿದ್ದಾರೆ. ಮನೇಲಿ ಏನಾದರೂ ಮಾತುಕತೆ ಆಗಿದ್ರೆ ನಾನು ಮಧ್ಯೆ ಬರಲ್ಲ. ಇದು ಅವರಿಗೆ ಅಷ್ಟೇ."

"ಯಾರಿಗೆ?"

"ಅವರಿಗೆ. ದಿನಾ ಬೆಳಿಗ್ಗೆ ಕೈ ಬೀಸ್ತೀನಿ. ತಿರುಗಿ ಬೀಸಲ್ಲ. ಬೇಜಾರಲ್ಲಿದ್ದಾರೆ ಪಾಪ."

ನಾನು ಅವರನ್ನು ಜಗಲಿಗೆ ಕರೆದುಕೊಂಡು ಹೋಗಿ ಟೊಪ್ಪಿಗೆ ತೆಗೆದೆ, ಕೋಟಿನ ಗುಂಡಿ ಬಿಚ್ಚಿದೆ. ವರ್ನ್ ಬಹಳ ಹೊತ್ತು ನೋಡಿದರು. ಹಾಟ್‌ಡಿಶ್ಶನ್ನು ಮೆಲ್ಲಗೆ ತಮ್ಮ ಕಡೆಗೇ ಎಳೆದುಕೊಂಡರು.

"ಓ" ಎಂದರು. "ಕಳ್ಳಿ."

"ಕಳ್ಳೀನೇನಾ? ನಿಮಗೆ ಗೊತ್ತಾ?"

"ಹದಿನೈದು ವರ್ಷದಿಂದ ನಮ್ಮ ಚರ್ಚಿನ ನೆಲಮಾಳಿಗೇಲಿ ಕಳ್ಳಿ ಸಂಘದವರು ಸೇರ್ತೀವಲ್ಲ. ನಾನೇ ಕಾಫಿ ಮಾಡೋದು."

ದೇವರೇ! ಓದಿದ್ದ ವಿದ್ಯೆಯೆಲ್ಲ ಒಂದು ಕಡೆ, ಬೇಲಿಯಾಚೆ ಕಳ್ಳಿಪಂಡಿತ ಒಂದು ಕಡೆ! "ಹಾಗಾದ್ರೆ ಹೇಳಿ ವರ್ನ್, ಇದು ಪಾಪಾಸುಕಳ್ಳಿಯೋ ಹಾಲುಗಳ್ಳಿಯೋ?"

ಆದರೆ ನಮ್ಮೂರಿನವರ ಬಾಯಿಂದ ಖಚಿತವಾದ ಮಾತು ಹೊರಡಿಸುವುದೆಂದರೆ ಹಿಮಗಟ್ಟಿದ ಸರೋವರದಿಂದ ಮೀನು ಹಿಡಿದಂತೆ. ಮೊದಲು ತೂತು ಕೊರೆಯಬೇಕು, ಆಮೇಲೆ ಗಂಟೆಗಟ್ಟಲೆ ಕಾಯಬೇಕು.

"ಇರಬಹುದು" ಎಂದರು ವರ್ನ್.

"ಯಾವುದು ಇರಬಹುದು?"

"ಎರಡರಲ್ಲಿ ಯಾವುದಾದ್ರೂ ಇರಬಹುದು. ಇದು ಸ್ವಲ್ಪ ಬೇರೆ ಥರಾನೇ ಇದೆ. ನಾನ್ಯಾರು ಹೇಳೋಕೆ? ನೀನೇ ನೋಡ್ಕೋ. ಮುಳ್ಳಿನ ಬುಡದಲ್ಲಿ ಹತ್ತಿಯಂಥ ಸಣ್ಣ ದಿಂಬು ಇದ್ದು, ಅದರಿಂದ ಗೊಂಚಲು ಗೊಂಚಲಾಗಿ ಮುಳ್ಳು ಬಂದಿದ್ರೆ ನಿಜವಾದ ಕಳ್ಳಿ. ದಿಂಬಿಲ್ಲದೆ ಎರಡೆರಡೇ ಮುಳ್ಳು ಇದ್ರೆ ಹಾಲಿಂದು."

ಇಬ್ಬರೂ ಬಗ್ಗಿ ನೋಡಿದೆವು. ಹತ್ತಿ ಇತ್ತು! ಎಲ್ಲೆಲ್ಲೂ ಇತ್ತು! ಮುಳ್ಳಿನ ಬುಡದಲ್ಲಿ, ತುದಿಯಲ್ಲಿ, ನಡುವೆ, ಕುಂಡದ ಅಂಚಿನಲ್ಲಿ. ಹೆಟ್ಟಿಯ ಕಂಬಳಿಯ ನೂಲೆಲ್ಲ ಮುಳ್ಳಿಗೆ ಸಿಕ್ಕಿ, ಯಾವುದು ದೇವರು ಕೊಟ್ಟ ಹತ್ತಿ, ಯಾವುದು ನಾನು ಕೊಟ್ಟ ಹತ್ತಿ ಎಂದು ಬ್ರಹ್ಮನಿಗೂ ತಿಳಿಯದಂತಾಗಿತ್ತು.

"ಸೂಜಿಯಲ್ಲಿ ಚುಚ್ಚಿ ನೋಡು. ಬಿಳಿ ಹಾಲು ಬಂದ್ರೆ ಅದು, ನೀರು ಬಂದ್ರೆ ಇದು."

"ಹಾಲು ಚಿಮ್ಮಿ ಮಗು ಕಣ್ಣಿಗೆ ಬಿದ್ರೆ?"

"ಮಗು ಎಲ್ಲಿದೆ?"

"ಮೇಲೆ ಮಲಗಿದೆ."

ವರ್ನ್ ಚಾವಣಿಯ ಕಡೆ ನೋಡಿ, ಮತ್ತೆ ನನ್ನನ್ನು ನೋಡಿದರು. ಸೂಜಿಯ ಮಾತನ್ನು ಅಲ್ಲಿಗೇ ಬಿಟ್ಟರು. ಒಳ್ಳೆಯ ಮನುಷ್ಯ.

"ನಿಜವಾದ ಕಳ್ಳಿಗೆ ಚಳಿಗಾಲದಲ್ಲಿ ಏನು ಮಾಡಬೇಕು ವರ್ನ್?"

"ಏನೂ ಮಾಡಬಾರದು."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ. ನೀರು ಬೇಡ, ಗೊಬ್ಬರ ಬೇಡ, ಕೋಟು ಬೇಡ. ಹಿಮ ಹಿಡೀದೆ ಇರೋ ತಣ್ಣಗಿನ ಮೂಲೇಲಿ ಸುಮ್ಮನೆ ಬಿಡೋದು. ಇದರಲ್ಲಿ ಕೆಡೋರೆಲ್ಲ ಏನಾದ್ರೂ ಮಾಡೋಕೆ ಹೋಗೇ ಕೆಡೋದು."

ನಾನು ಜಗಲಿಯ ಕಟ್ಟೆಯ ಮೇಲೆ ಕೂತೆ. ಜನ್ಮದಲ್ಲಿ ಒಂದು ಸಲ, ಒಂದೇ ಒಂದು ಸಲ, ನನ್ನ ಅತ್ತೆ ಬೇಡ ಎಂದರೆ ಬೇಡವೇ ಎಂಬರ್ಥದಲ್ಲಿ ಹೇಳಿದ್ದರು. ಆ ಮಾತನ್ನು ನಾನು ಮರ್ಯಾದೆಗೆ ಅನುವಾದಿಸಿಕೊಂಡು ಕೂತಿದ್ದೆ! ಅತ್ತೆಯನ್ನು ನೆನೆದು ಸ್ವಲ್ಪ ಅತ್ತೆ. ವರ್ನ್ ಗಾಬರಿಯಾಗಿ ಹಾಟ್‌ಡಿಶ್ಶನ್ನು ಮತ್ತೆ ನನ್ನ ಕಡೆಗೆ ತಳ್ಳಿದರು.

*

ಹಿಮ ಹಿಡಿಯದ, ಒಣಗಿದ, ತಣ್ಣಗಿನ ಮೂಲೆ. ಮನೆಯಲ್ಲಿ ಅಂಥದು ಒಂದೇ ಇತ್ತು: ನೆಲಮಾಳಿಗೆಯ ಸೌನಾ. ಮರದ ಹಲಗೆ ಬಡಿದ ಪುಟ್ಟ ಬಿಸಿಕೋಣೆ, ಮೂಲೆಯಲ್ಲಿ ಕಲ್ಲು ಪೇರಿಸಿದ ವಿದ್ಯುತ್ ಒಲೆ, ಕೂತು ಬೆವರಲು ಮೆಟ್ಟಿಲಿನಂತೆ ಎರಡು ಬೆಂಚು. ಫಿನ್ನರ ಮನೆಯಲ್ಲಿ ಅಡುಗೆಮನೆ ಇಲ್ಲದಿದ್ದರೂ ನಡೆದೀತು, ಸೌನಾ ಇಲ್ಲದೆ ನಡೆಯದು. ಆದರೆ ಹೆಟ್ಟಿ ಹುಟ್ಟಿದ ಮೇಲೆ, ಮಗು ತೆವಳಿ ಒಳಗೆ ಹೋದರೆ ಎಂಬ ನನ್ನ ಭಯಕ್ಕೆ ಅದನ್ನು ಕಾಯಿಸಿರಲೇ ಇಲ್ಲ. ನೀಲೊ ಶನಿವಾರಗಳಂದು ಚಿಕ್ಕಪ್ಪನ ಮಗನ ಮನೆಗೆ ಹೋಗಿ ಬೆವರಿ ಬರುತ್ತಿದ್ದ.

ಆ ಮಧ್ಯಾಹ್ನ ಕಂಬವನ್ನು ನಾನೇ ಒದ್ದಾಡಿಕೊಂಡು ಸಾಗಿಸಿ, ಬೆಂಚಿಗೆ ಒರಗಿಸಿ, ಬಾಗಿಲು ಹಾಕಿದೆ. ಎಂಥ ನೆಮ್ಮದಿ! ಸಂಜೆ ನೀಲೊ ಹಾಕಿ ಪಂದ್ಯ ನೋಡುತ್ತಾ ಕೂತಿದ್ದ.

"ಕಳ್ಳೀನ ತಣ್ಣಗಿರೋ ಕಡೆ ಇಟ್ಟಿದ್ದೀನಿ" ಎಂದೆ.

"ಹೂಂ" ಎಂದ.

ಇಡೀ ಅನಾಹುತ ಈ ಎರಡು ವಾಕ್ಯಗಳ ನಡುವಿನ ಸಂದಿನಲ್ಲಿ ಹುಟ್ಟಿತು.

ಒಂದು ತಿಂಗಳು ನಾನು ಏನೂ ಮಾಡಲಿಲ್ಲ. ಏನೂ ಮಾಡದೆ ಇರುವುದು ನನ್ನಂಥವಳಿಗೆ ಎಷ್ಟು ಕಷ್ಟದ ಕೆಲಸ ಎಂದು ತಿಳಿಯದವರು ನಗಬಹುದು. ಜನವರಿಯ ಮೂರನೇ ಶನಿವಾರದ ಹೊತ್ತಿಗೆ ಹೆಟ್ಟಿಯ ದವಡೆ ಹಲ್ಲು ಬರತೊಡಗಿತ್ತು. ನಾನು ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ, ಷಾಂಪೂವನ್ನು ಹಲ್ಲುಜ್ಜುವ ಬ್ರಷ್ಷಿಗೆ ಹಾಕಿಕೊಳ್ಳುವ ಸ್ಥಿತಿಗೆ ಬಂದಿದ್ದೆ. ಮಧ್ಯಾಹ್ನ ಹೇಗೋ ಅವಳು ನಿದ್ದೆಹೋದಳು. ನೀಲೊ ನನ್ನ ಮುಖ ನೋಡಿ, "ನೀನೂ ಹೋಗಿ ಮಲಗು" ಎಂದ. ಅವನ ದನಿಯಲ್ಲಿ ಏನೋ ಗುಟ್ಟಿತ್ತು. ನನಗೆ ಯೋಚಿಸುವ ಶಕ್ತಿ ಇರಲಿಲ್ಲ.

ನಾಲ್ಕು ಗಂಟೆಗೆ ನೆಲಮಾಳಿಗೆಯಿಂದ ಒಂದು ಆರ್ಭಟ ಎದ್ದಿತು! ಮದುವೆಯಾದ ನಾಲ್ಕು ವರ್ಷದಲ್ಲಿ ನೀಲೊ ಅಷ್ಟು ಜೋರಾಗಿ ಏನನ್ನೂ ಹೇಳಿರಲಿಲ್ಲ. ಮದುವೆಯ ದಿನ "ಒಪ್ಪಿದ್ದೇನೆ" ಎಂದದ್ದೂ ಮೊದಲ ಸಾಲಿನವರಿಗೆ ಮಾತ್ರ ಕೇಳಿಸಿತ್ತು.

ಓಡಿಹೋದೆ. ಸೌನಾದ ಬಾಗಿಲು ತೆರೆದಿತ್ತು, ಹಬೆ ಮೋಡದಂತೆ ಹೊರಗೆ ಉರುಳುತ್ತಿತ್ತು. ಆ ಮೋಡದ ನಡುವೆ ನನ್ನ ಗಂಡ, ಮುಂದೆ ಟವೆಲು ಹಿಡಿದು, ಹಿಂದೆ ಕೈಯಿಡಲಾರದೆ, ಬಿಲ್ಲಿನಂತೆ ಬಗ್ಗಿ ನಿಂತಿದ್ದ.

"ಒಳಗೆ ಯಾರೋ ಇದ್ದಾರೆ!"

"ಯಾರು?"

"ನಿನ್ನ ಕಳ್ಳಿ!"

ಪಾಪದ ಮನುಷ್ಯ, ದಣಿದ ಹೆಂಡತಿಗೆ ಒಂದು ಒಳ್ಳೆಯ ಬೆವರಿನ ಸ್ನಾನ ಮಾಡಿಸೋಣ ಎಂದು ಹೊರಗಿನ ಸ್ವಿಚ್ಚು ಹಾಕಿ ಒಂದೂವರೆ ಗಂಟೆ ಕಾಯಿಸಿದ್ದ. ಆಮೇಲೆ ಹದ ನೋಡಲು ತಾನೇ ಮೊದಲು ಹೋಗಿದ್ದ. ಬಲ್ಬು ಎಂದೋ ಸುಟ್ಟುಹೋಗಿತ್ತು. ಕತ್ತಲಲ್ಲೇ ಒಂದು ಸೌಟು ನೀರನ್ನು ಕಲ್ಲಿನ ಮೇಲೆ ಹುಯ್ದು, ಮೂವತ್ತು ವರ್ಷದ ಅಭ್ಯಾಸಬಲದಿಂದ ಹಿಂದೆ ಹಿಂದೆ ಎರಡು ಹೆಜ್ಜೆ ಇಟ್ಟು ಆರಾಮಾಗಿ ಕೂತಿದ್ದ.

"ಸ್ವಿಚ್ ಹಾಕೋ ಮುಂಚೆ ಒಳಗೆ ನೋಡಬಾರದಾ?"

"ಸೌನಾದಲ್ಲಿ ಏನು ನೋಡೋದು? ಬೆಂಚಿರುತ್ತೆ!"

"ತಣ್ಣಗಿರೋ ಕಡೆ ಇಟ್ಟಿದ್ದೀನಿ ಅಂತ ಹೇಳಿದ್ನಲ್ಲ!"

"ಬ್ರಿಟಾ! ಜಗತ್ತಲ್ಲಿ ಯಾರಾದ್ರೂ, ಯಾವ ದೇಶದಲ್ಲಾದ್ರೂ, ಸೌನಾನ ತಣ್ಣಗಿರೋ ಕಡೆ ಅಂತಾರಾ?"

ನಾನು ಸ್ವಿಚ್ಚು ಆರಿಸಿದೆ. 

ಅಡುಗೆಮನೆಯ ಮೇಜಿನ ಮೇಲೆ ಅವನನ್ನು ಬೋರಲು ಮಲಗಿಸಿ, ಚಿಮಟ ಹಿಡಿದು ಮುಳ್ಳು ಕೀಳಲು ಕೂತೆ. ಒಂದು, ಎರಡು, ಮೂರು... ಏಳನೆಯದಕ್ಕೆ ನನ್ನ ಕೈ ನಿಂತಿತು. ಏಳೂ ಒಂದೇ ಕಡೆ! ಅದರ ಪಕ್ಕದಲ್ಲಿ ಇನ್ನೊಂದು ಗುಂಪು, ಅಲ್ಲೂ ಏಳು!

"ನೀಲೊ! ಗೊಂಚಲು!"

"ಏನು?"

"ಜೋಡಿ ಅಲ್ಲ, ಗೊಂಚಲು! ಅಲ್ಲಾಡಬೇಡ, ಎಣಿಸ್ತಿದ್ದೀನಿ!"

ಚಿಮಟ ಅಲ್ಲೇ ಬಿಸಾಕಿ ಕೆಳಗೆ ಓಡಿದೆ. ಕಂಬದ ಮೈ ತರಚಿತ್ತು. ಗಾಯದಿಂದ ಒಸರಿದ್ದು ತಿಳಿನೀರು, ಒಂದು ಹನಿಯೂ ಹಾಲಿಲ್ಲ! ಅಕ್ಟೋಬರಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಉರುಳಿಬಿತ್ತು. ಮೇಲೆ ಬಂದು ಕಿರುಚಿದೆ: "ಇದು ಪಾಪಾಸುಕಳ್ಳಿ ನೀಲೊ! ನಿಜವಾದ ಪಾಪಾಸುಕಳ್ಳಿ!"

"ಪಾಪ ಯಾರು ಅನ್ನೋದು ಆಮೇಲೆ ಮಾತಾಡೋಣ" ಎಂದಿತು ಮೇಜಿನ ಮೇಲಿನ ಧ್ವನಿ. "ಇನ್ನೂ ಐವತ್ತಿದೆ."

ಪಾಪಾಸುಕಳ್ಳಿ ಎಂದು ಗೊತ್ತಾಯಿತು. ಬೆಂದ ಪಾಪಾಸುಕಳ್ಳಿ ಎಂಬುದು ಸೋಮವಾರ ಗೊತ್ತಾಯಿತು. ಮೇಲಿನ ಮೂರು ಅಡಿ ಬೇಯಿಸಿದ ಹುರುಳಿಕಾಯಿಯ ಬಣ್ಣಕ್ಕೆ ತಿರುಗಿ, ಕುತ್ತಿಗೆ ಬಗ್ಗಿ, ಪ್ರಾರ್ಥನೆಗೆ ನಿಂತವರ ಹಾಗೆ ತಲೆತಗ್ಗಿಸಿತ್ತು. ವರ್ನ್ ಬಂದರು. ಒತ್ತಿ ನೋಡಿದರು. ಬೆರಳು ಒಳಗೆ ಹೋಯಿತು.

"ಇನ್ನೂ ಕೆಟ್ಟದಾಗಬಹುದಿತ್ತು" ಎಂದರು.

"ಹೇಗೆ ವರ್ನ್? ಹೇಗೆ?"

ಅವರು ಸ್ವಲ್ಪ ಹೊತ್ತು ಪ್ರಾಮಾಣಿಕವಾಗಿ ಯೋಚಿಸಿದರು. "ನೆಲದ ಹತ್ತಿರ ಶಾಖ ಕಮ್ಮಿ. ಬುಡ ಉಳಿದಿರಬಹುದು. ಹಸಿರು ಸಿಗೋವರೆಗೆ ಮೇಲಿಂದ ಕತ್ತರಿಸ್ಕೊಂಡು ಬಾ. ಆಮೇಲೆ ಗಾಯ ಒಣಗೋಕೆ ಬಿಡು."

ಬ್ರೆಡ್ಡು ಕೊಯ್ಯುವ ಚಾಕು ತಂದೆ. ಒಂದು ಬಿಲ್ಲೆ ಕೊಯ್ದೆ, ಕಂದು. ಇನ್ನೊಂದು, ಕಂದು. ನೀಲೊ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಆ ವಾರ ನಿಲ್ಲುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. "ಇನ್ನೂ ಸ್ವಲ್ಪ" ಎನ್ನುತ್ತಿದ್ದ. ಮಾವನ ನೆನಪನ್ನು ನಾನು ಬಿಲ್ಲೆಬಿಲ್ಲೆಯಾಗಿ ಕೊಯ್ದು ಬಕೆಟ್ಟಿಗೆ ಹಾಕಿದೆ. ಕೊನೆಗೆ ಹಸಿರು ಕಂಡಾಗ ಕುಂಡದಲ್ಲಿ ಉಳಿದದ್ದು ಒಂದು ಅಡಿ ಎರಡು ಇಂಚು.

*

ಮುಂದಿನ ಭಾನುವಾರ ಅತ್ತೆ "ಹೆಟ್ಟೀದೊಂದು ಫೋಟೊ ಕಳಿಸು" ಎಂದರು. ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದುಕೊಂಡೆ: ಅವರು ನೋಡಬೇಕೆಂದಿರುವುದು ಕಂಬವನ್ನು. ನನ್ನ ಹಸಿರು ಯೋಗದ ಚಾಪೆಯನ್ನು ಸುರುಳಿ ಸುತ್ತಿ, ಒಂದು ಬಕೆಟ್ಟಿನಲ್ಲಿ ನಿಲ್ಲಿಸಿ, ಮೈಗೆಲ್ಲ ಹಲ್ಲುಕಡ್ಡಿ ಚುಚ್ಚಿದೆ. ಮುಂದೆ ಹೆಟ್ಟಿಯನ್ನು ನಿಲ್ಲಿಸಿ, ಹಿಂದಿನದು ಮಬ್ಬಾಗಿ ಕಾಣುವಂತೆ ಫೋಟೊ ತೆಗೆದು ಕಳಿಸಿದೆ. ಉತ್ತರ ಬಂತು: "ಎಷ್ಟು ನೆಟ್ಟಗೆ ನಿಂತಿದೆ! ಎತ್ತರವೂ ಆಗಿದೆ."

"ಇದು ಮಗು ಬಗ್ಗೆನೋ ಚಾಪೆ ಬಗ್ಗೆನೋ?" ಎಂದು ನೀಲೊನನ್ನು ಕೇಳಿದೆ.

"ನನ್ನ ಕೇಳಬೇಡ. ಅಂಗಡಿಯಿಂದ ಹೊಸ ಕಂಬ ತಂದಿಟ್ಟುಬಿಡೋಣ, ಮುಗೀತು."

ಆಸೆಬುರುಕಿ ನಾನು, ಹೋದೆ. ಜನವರಿಯಲ್ಲಿ ನರ್ಸರಿಯಲ್ಲಿದ್ದ ಅತಿ ಎತ್ತರದ ಕಳ್ಳಿ ನನ್ನ ತೋರುಬೆರಳಷ್ಟಿತ್ತು. ಅದರ ನೆತ್ತಿಗೆ ಅಂಟಿಸಿದ್ದ ಹೂವು ಕಾಗದದ್ದು. ಅದನ್ನು ಕೈಯಲ್ಲಿ ಹಿಡಿದು ನಿಂತಾಗ ನನ್ನ ಮೇಲೇ ನನಗೆ ಸುಸ್ತಾಯಿತು. ನಾಲ್ಕು ತಿಂಗಳು ಗಿಡಕ್ಕೆ ಸುಳ್ಳು ಶುಶ್ರೂಷೆ, ಅತ್ತೆಗೆ ಸುಳ್ಳು ಸಮಾಚಾರ. ಈಗ ಏಪ್ರಿಲಿನವರೆಗೆ ಹಲ್ಲುಕಡ್ಡಿಯ ಚಾಪೆ ಕಾಯುತ್ತಾ ಕೂರಬೇಕೇ? ಹೋಗುವುದಾದರೆ ಒಂದೇ ಸಲ ಹೋಗಲಿ ನನ್ನ ಮಾನ. ಪೇಪರ್ ತಟ್ಟೆಯೂ ಬೇಡ ಎಂದರೆ ಬರಿಗೈಯಲ್ಲೇ ಹೋಗೋಣ ಊಟಕ್ಕೆ.

ಮನೆಗೆ ಬಂದು, ಬೂಟು ಕೂಡ ಬಿಚ್ಚದೆ, ನಾನೇ ಫೋನು ಮಾಡಿದೆ.

"ಬ್ರಿಟಾ? ಇವತ್ತು ಮಂಗಳವಾರ!" ಎಂದರು ಅತ್ತೆ. "ಯಾರಿಗೇನಾಯ್ತು?"

"ಕಳ್ಳಿಗೆ!" ಎಂದೆ. ಆಮೇಲೆ ನಿಲ್ಲಿಸಲಾಗಲಿಲ್ಲ. ಬೇಲಿ, ಕುಲುಮೆ, ಕೋಟು, ಸೌನಾ, ನೀಲೊ, ಚಿಮಟ, ಚಾಕು, ಚಾಪೆ, ಎಲ್ಲ ಒಂದೇ ಉಸಿರಿನಲ್ಲಿ ಸುರಿದೆ. ಆ ಕಡೆ ಅರಿಜೋನಾದ ಯಾವುದೋ ಹಕ್ಕಿ ಕೂಗುತ್ತಿತ್ತು.

"ಎಷ್ಟು ಉಳಿದಿದೆ ಅಂದೆ?"

"ಒಂದು ಅಡಿ ಎರಡು ಇಂಚು."

"ಬೇರಿದೆಯಾ?"

"ಇದೆ."

"ಚಿಗುರುತ್ತೆ ಬಿಡು."

"ಆದ್ರೆ ಆರ್ಡಿಸ್, ನೀವು ನನ್ನ ನಂಬಿ ಕೊಟ್ಟಿದ್ರಿ!"

"ನಂಬಿಯಾ? ಅಯ್ಯೋ, ಇಲ್ಲ ಮಗೂ" ಎಂದರು ಅತ್ತೆ, ಬಹಳ ಮೆದುವಾಗಿ. "ಪ್ರತಿ ವರ್ಷ ನನ್ನ ತಂಗಿ ಲೊರೇನ್ ಹತ್ತಿರಾನೇ ಬಿಡ್ತಿದ್ದೆ. ಈ ವರ್ಷ ಇದು ಬೆಳೆದು ಅವಳ ಮನೆ ಕಿಟಕಿ ತಗ್ಗಾಯ್ತು, ಹಿಡೀಲಿಲ್ಲ. ಅದಕ್ಕೆ ನಿನಗೆ."

ನನ್ನ ಬಡ್ತಿ, ನನ್ನ ಮನೆತನದ ಕಂಬ, ಎಲ್ಲ ಒಂದು ಕಿಟಕಿಯ ಎತ್ತರದಲ್ಲಿ ಮುಗಿಯಿತು. ನಾನು ಮೆಟ್ಟಿಲ ಮೇಲೆ ಕೂತೆ.

"ಆದ್ರೆ ಒಂದು ಮಾತು ಹೇಳ್ತೀನಿ ಕೇಳು" ಎಂದರು ಅತ್ತೆ. "ಅವಳ ಹತ್ತಿರ ನನ್ನ ಇನ್ನೂ ಹತ್ತೊಂಬತ್ತು ಕುಂಡ ಇದೆ. ವರ್ಷಕ್ಕೆ ಮೂರು ನಾಲ್ಕು ಸಾಯುತ್ತೆ. ಸಾಯಲಿ, ಗಿಡ ಅಲ್ವಾ. ಆದ್ರೆ ಒಂದು ಸಲಾನೂ ಫೋನ್ ಮಾಡಿ ಹೇಳಲ್ಲ ಅವಳು. ಅಂಗಡಿಯಿಂದ ಹೊಸದು ತಂದಿಟ್ಟು ನಗ್ತಾ ನಿಂತ್ಕೋತಾಳೆ. ನಾನೂ 'ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀಯೇ' ಅಂತೀನಿ. ಇನ್ನೇನನ್ನಲಿ? ನೀನು ಮಂಗಳವಾರಾನೇ ಫೋನ್ ಮಾಡಿ ಹೇಳಿಬಿಟ್ಟೆಯಲ್ಲ."

ನನ್ನ ಕಣ್ಣು ತುಂಬಿ ಬಂತು. "ಹಾಗಾದ್ರೆ ನಿಮಗೆ ಕೋಪ ಇಲ್ವಾ?"

"ಕೋಪ ಏನು ಬಂತು! ಈಗ ನೆಮ್ಮದಿ. ಮುಂದಿನ ಚಳಿಗಾಲದಿಂದ ಹತ್ತೊಂಬತ್ತೂ ನಿನ್ನ ಹತ್ತಿರಾನೇ ಬಿಡ್ತೀನಿ."

ಕಣ್ಣೀರು ಅಲ್ಲೇ ಇಂಗಿತು. ಮೈಯ ಒಂದೊಂದು ಮೂಳೆಯೂ ಕೈಮುಗಿದು ನನ್ನನ್ನು ಬೇಡಿಕೊಂಡಿತು, ಏನಾದರೊಂದು ನೆಪ ಹೇಳು ಎಂದು. ಮೇಲೆ ಹೆಟ್ಟಿ ಎದ್ದು ಅಳತೊಡಗಿದಳು. ಕೆಳಗೆ ನೀಲೊ ದಿಂಬಿನ ಮೇಲೆ ಇನ್ನೊಂದು ದಿಂಬು ಇಟ್ಟುಕೊಂಡು ಮೆಲ್ಲಗೆ ಕೂರುತ್ತಿದ್ದ.

"ಅದಕ್ಕೇನಂತೆ ಆರ್ಡಿಸ್, ಸಂತೋಷ!" ಎಂದಿತು ನನ್ನ ಬಾಯಿ. ನನ್ನನ್ನು ಒಂದು ಮಾತೂ ಕೇಳದೆ.